ಕ್ಯಾಡ್ ಅಸೆಂಬ್ಲಿಯಲ್ಲಿ ಭಾಗ ಬದಲಿಸುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಗಳಾದ ಪಲ್ಪರ್‌ಗಳ ರಿಪೇರಿ, ಬಿಡಿಭಾಗಗಳ ಡ್ರಾಯಿಂಗ್ ಎಲ್ಲ ಅಷ್ಟರೊಳಗೆ ಮುಗಿಯಬೇಕು. ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಂದ ಈ ಕೆಲಸಕ್ಕೆ ಬರುವ ಮಕ್ಕಳು ಕ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುವ ಸಾಫ್ಟ್‌ವೇರಿನಲ್ಲಿ) ಹೊಸ ಭಾಗವನ್ನು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಇರುವ ಅಸೆಂಬ್ಲಿಯಲ್ಲಿ, ಅಂದರೆ ಭಾಗಗಳನ್ನು ಜೋಡಿಸಿಟ್ಟ ಮಾದರಿಯಲ್ಲಿ, ಒಂದು ಭಾಗ ತೆಗೆದು ಇನ್ನೊಂದನ್ನು ಕೂರಿಸಿ ಎಂದರೆ ತಡವರಿಸುತ್ತಾರೆ. ಬಹಳ ಮಂದಿ ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ಮತ್ತೆ ಸೇರಿಸುತ್ತಾರೆ. ಡಿಲೀಟ್ ಮಾಡಿದರೆ, ಆ ಭಾಗವನ್ನು ಪಕ್ಕದವುಗಳಿಗೆ ಹೊಂದಿಸಿಡುವ ಮೇಟ್‌ಗಳೆಲ್ಲ ಜೊತೆಗೇ ಹೋಗುತ್ತವೆ, ಡ್ರಾಯಿಂಗ್‌ನಲ್ಲಿ ಅದಕ್ಕೆ ಹಾಕಿದ್ದ ಅಳತೆಗಳೂ ಕಳಚಿಕೊಳ್ಳುತ್ತವೆ.

ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಇದಕ್ಕೆಂದೇ ರಿಪ್ಲೇಸ್ ಕಾಂಪೊನೆಂಟ್ಸ್ ಎಂಬ ಆಜ್ಞೆ ಇದೆ. ಅದರಲ್ಲಿ ರೀ-ಅಟ್ಯಾಚ್ ಮೇಟ್ಸ್ ಆಯ್ಕೆಗೆ ಗುರುತು ಹಾಕಿಯೇ ಇರಬೇಕು. ಅದೇ ಭಾಗ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಾಗಬೇಕಿದ್ದರೆ ಮಾತ್ರ ಆಲ್ ಇನ್‌ಸ್ಟೆನ್ಸಸ್ ಆರಿಸಬೇಕು. ಇನ್ವೆಂಟರ್ ಎಂಬ ಇನ್ನೊಂದು ಕ್ಯಾಡ್ ಸಾಫ್ಟ್‌ವೇರಿನಲ್ಲಿ ಒಂದಕ್ಕೆ ಕಂಟ್ರೋಲ್-ಎಚ್, ಎಲ್ಲಕ್ಕೂ ಕಂಟ್ರೋಲ್-ಶಿಫ್ಟ್-ಎಚ್.

ಮೇಟ್ ಮುರಿಯುವುದಕ್ಕೂ ಕಾರಣವಿದೆ. ಸಾಫ್ಟ್‌ವೇರ್ ಭಾಗದ ಪ್ರತಿ ಮುಖವನ್ನೂ (ಮೇಲ್ಮೈಯನ್ನೂ) ಒಳಗಿನ ಗುರುತಿನಿಂದ ಹಿಡಿದಿಟ್ಟುಕೊಳ್ಳುತ್ತದೆ, ಆಕಾರ ನೋಡಿ ಅಲ್ಲ. ಹಳೆಯ ಫೈಲನ್ನೇ ಸೇವ್ ಆಸ್ ಮಾಡಿ ತಿದ್ದಿದ ಭಾಗದಲ್ಲಿ ಆ ಗುರುತುಗಳು ಉಳಿದಿರುತ್ತವೆ, ಮೇಟ್‌ಗಳು ತಾವಾಗಿಯೇ ಕೂರುತ್ತವೆ. ತಯಾರಕರಿಂದ ಬಂದ ಸ್ಟೆಪ್ ಫೈಲಿನಲ್ಲಿ (ಬೇರೆ ಬೇರೆ ಕ್ಯಾಡ್‌ಗಳ ನಡುವೆ ಮಾದರಿ ಸಾಗಿಸುವ ಫೈಲು) ಅವು ಇರುವುದಿಲ್ಲ. ಆಗ ಪಟ್ಟಿಯಲ್ಲಿ ಕೆಂಪು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ, ಒಂದೊಂದಕ್ಕೂ ಹೊಸ ಮುಖವನ್ನು ತೋರಿಸಿ ಕೊಡಬೇಕು. ಸೇವ್ ಆಸ್ ಮಾಡಿದಾಗ ಬೇರೆ ಅಪಾಯವಿದೆ: ಫೈಲಿನ ಹೆಸರು ಬದಲಾದರೂ ಫೈಲಿನೊಳಗೆ ಬರೆದಿಟ್ಟ ವಿವರದಲ್ಲಿ (ಕಸ್ಟಮ್ ಪ್ರಾಪರ್ಟಿ) ಹಳೆಯ ಪಾರ್ಟ್ ನಂಬರೇ ಉಳಿದು, ಸಾಮಾನಿನ ಪಟ್ಟಿಗೂ ಅದೇ ಹೋಗುತ್ತದೆ. ಮೈಸೂರಿನ ಅಂಗಡಿಯಿಂದ ಬರುವುದೂ ಹಳೆಯ ಬೇರಿಂಗೇ.

ಕೆಂಪು ಗುರುತು ಇಲ್ಲದ ತಪ್ಪು ಇದಕ್ಕಿಂತ ದುಬಾರಿ. ಪಲ್ಪರ್ ಶಾಫ್ಟಿನ ಯುಸಿಪಿ 204 ಪ್ಲಮ್ಮರ್ ಬ್ಲಾಕ್ (ಶಾಫ್ಟನ್ನು ಹಿಡಿಯುವ ಬೇರಿಂಗ್ ಪೀಠ) ತೆಗೆದು ಯುಸಿಪಿ 205 ಹಾಕುತ್ತೇವೆ ಎನ್ನಿ. ಒಳವ್ಯಾಸ 20 ಮಿ.ಮೀ. ಇದ್ದದ್ದು 25 ಆಗುತ್ತದೆ, ಬೋಲ್ಟ್ ತೂತುಗಳ ಅಂತರ 95ರಿಂದ 105, ತಳದಿಂದ ಕೇಂದ್ರದ ಎತ್ತರ 33.3ರಿಂದ 36.5. ಬೋಲ್ಟ್ ತೂತಿನ ಮೇಟ್ ಕೆಂಪಾಗುತ್ತದೆ. ಕೆಂಪು ಹೋಗಲಿ ಎಂದು ಕೆಲವರು ಆ ಮೇಟನ್ನೇ ಸಪ್ರೆಸ್ (ನಿಷ್ಕ್ರಿಯ) ಮಾಡುತ್ತಾರೆ, ಫ್ರೇಮಿನ ಚಾನೆಲ್‌ನಲ್ಲಿ ತೂತು ಮಾತ್ರ ಹಳೆಯ 95ಕ್ಕೇ ಬೀಳುತ್ತದೆ. ಶಾಫ್ಟ್ ಮತ್ತು ಬೇರಿಂಗ್ ನಡುವಿನ ಕಾನ್ಸೆಂಟ್ರಿಕ್ ಮೇಟ್ ಅಕ್ಷ ಕೂಡಿತೇ ಎಂದಷ್ಟೇ ನೋಡುತ್ತದೆ, ವ್ಯಾಸ ಕೇಳುವುದಿಲ್ಲ. 20ರ ಶಾಫ್ಟ್ 25ರ ಬೇರಿಂಗಿನೊಳಗೆ ಸುತ್ತಲೂ ಎರಡೂವರೆ ಮಿ.ಮೀ. ಸಂದು ಬಿಟ್ಟು ನಿಂತರೂ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಂಟರ್‌ಫಿಯರೆನ್ಸ್ ಚೆಕ್ ಒಂದರೊಳಗೊಂದು ಹೊಕ್ಕ ಭಾಗಗಳನ್ನು ಹಿಡಿಯುತ್ತದೆ, ಸಡಿಲವನ್ನು ಹಿಡಿಯುವುದಿಲ್ಲ. ಅದಕ್ಕೆ ಸೆಕ್ಷನ್ ವ್ಯೂನಲ್ಲಿ ಕತ್ತರಿಸಿ ಅಳೆಯಲೇಬೇಕು.

ಎತ್ತರದ್ದು ಇನ್ನೂ ಗಂಭೀರ. ಶಾಫ್ಟಿನ ಜೊತೆ ಹಣ್ಣು ಸುಲಿಯುವ ಡ್ರಮ್ 3.2 ಮಿ.ಮೀ. ಮೇಲೇಳುತ್ತದೆ, ಹಣ್ಣನ್ನು ಡ್ರಮ್ಮಿಗೆ ಒತ್ತುವ, ಫ್ರೇಮಿಗೆ ಬೋಲ್ಟ್ ಮಾಡಿದ ತಟ್ಟೆ (ಬ್ರೆಸ್ಟ್) ಇದ್ದಲ್ಲೇ ಇರುತ್ತದೆ. ಎರಡರ ನಡುವಿನ ಸಂದು ಕಡಿಮೆಯಾದ ಕಡೆ ಬೀಜ ಗಾಯಗೊಳ್ಳುತ್ತದೆ, ಜಾಸ್ತಿಯಾದ ಕಡೆ ಹಣ್ಣು ಸಿಪ್ಪೆ ಸುಲಿಯದೆ ಹಾದುಹೋಗುತ್ತದೆ. ಮೋಟಾರ್ ಕಡೆಯ ಬೆಲ್ಟ್ ಅಥವಾ ಚೈನಿನ ಕೇಂದ್ರಾಂತರವನ್ನೂ ಮತ್ತೆ ನೋಡಬೇಕಾಗುತ್ತದೆ.

ಕ್ಯಾಡ್ ಲ್ಯಾಬ್ ನಡೆಸುವ ಉಪನ್ಯಾಸಕರಲ್ಲಿ ನಮ್ಮ ಕೋರಿಕೆ ಇಷ್ಟೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಖಾಲಿ ಪರದೆಯಿಂದ ಶುರುಮಾಡಿಸುವ ಬದಲು ಒಮ್ಮೆಯಾದರೂ ಸಿದ್ಧ ಅಸೆಂಬ್ಲಿ ಕೊಟ್ಟು ಒಂದು ಬೇರಿಂಗ್ ಬದಲಿಸಲು ಹೇಳಿ. ಬದಲಿಸಿದ ಮೇಲೆ ಸುತ್ತಲಿನ ಯಾವ ಯಾವ ಅಳತೆ ಬದಲಾಯಿತು ಎಂದು ಬರೆಸಿ, ಅಂಕವನ್ನು ಅದಕ್ಕೇ ಕೊಡಿ. ವರ್ಕ್‌ಶಾಪ್ ಮಾಲೀಕರೂ ಕಬ್ಬಿಣ ಕತ್ತರಿಸುವ ಮುನ್ನ ಬೇರಿಂಗ್ ಇರುವ ಜಾಗದ ಸೆಕ್ಷನ್ ಡ್ರಾಯಿಂಗ್ ಕೇಳಿ ಪಡೆಯಲಿ.

ಇತಿ,
ಯಂತ್ರ ವಿನ್ಯಾಸಕರು, ಕುಶಾಲನಗರ