ಕಾರಿನ ಜಾಹೀರಾತಿಗೆ ಸಿಸಿಯನ್ನೂ ಹಾಕಿಸಿ

ಸಂಪಾದಕರೇ,

ನಿಮ್ಮ ಭಾನುವಾರದ ಕ್ಲಾಸಿಫೈಡ್ ಪುಟದಲ್ಲಿ ‘ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2018, ಒಬ್ಬರೇ ಮಾಲೀಕರು’ ಅಂತ ಬಂದಿತ್ತು. ಆರ್‌ಎಸ್ ಅಂದರೆ ಆಕ್ಟೇವಿಯಾದಲ್ಲೇ ಹೆಚ್ಚು ಶಕ್ತಿಯ ಸ್ಪೋರ್ಟಿ ಮಾದರಿ. ಹಾಸನದಲ್ಲಿ ನನ್ನದೊಂದು ಔಷಧಿ ಅಂಗಡಿ. ತಮ್ಮನನ್ನು ಗಲ್ಲಾದಲ್ಲಿ ಕೂರಿಸಿ ಬೆಳಗಿನ ಬಸ್ಸಿಗೇ ಬೆಂಗಳೂರಿಗೆ ಹೊರಟೆ. ಹೆಂಡತಿಗೆ ‘ಸುಮ್ನೆ ನೋಡಿ ಬರ್ತೀನಿ’ ಅಂದಿದ್ದೆ.

ನೋಡಲು ಗಾಡಿ ಚೆನ್ನಾಗಿತ್ತು. ಗ್ರಿಲ್ ಮೇಲೆ ಆರ್‌ಎಸ್ ಬ್ಯಾಡ್ಜ್, ಡಿಕ್ಕಿ ಮೇಲೂ ಒಂದು. ಬ್ರೇಕ್ ಕ್ಯಾಲಿಪರ್ ಕೆಂಪಗೆ ಹೊಳೆಯುತ್ತಿತ್ತು. ಹತ್ತಿರ ಹೋದರೆ, ಧೂಳು ಒರೆಸದೆ ಮೇಲೇ ಬಣ್ಣ ಬಳಿದಿದ್ದರು. ಹಿಂದೆ ಎರಡು ಸೈಲೆನ್ಸರ್ ಬಾಯಿ. ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟೆ. ಆ ಬಾಯಿಗಳಿಗೆ ಪೈಪೇ ಸೇರಿರಲಿಲ್ಲ. ನಿಜವಾದ ಪೈಪು ಒಳಗೆ ನೆಲ ನೋಡುತ್ತಾ ಬಾಗಿತ್ತು.

‘ಕಂಪನಿ ಫಿಟ್ಟಿಂಗೇ ಸರ್’ ಅಂದ ಮಾರುವವನು. ಸರಿ, ಓಡಿಸಿ ನೋಡೋಣ ಅಂದೆ. ನೆಲಮಂಗಲದ ಕಡೆ ರಸ್ತೆ ಖಾಲಿ ಸಿಕ್ಕಾಗ ಆಟೊಮ್ಯಾಟಿಕ್ ಗೇರನ್ನು ಮ್ಯಾನುವಲ್‌ಗೆ ಹಾಕಿ ಒಂದೊಂದೇ ಗೇರ್ ಏರಿಸಿದೆ. ಐದು, ಆರು. ಇನ್ನೊಂದು ಸಲ ತಳ್ಳಿದೆ. ಮೀಟರಿನಲ್ಲಿ 7 ಬಂತು! 2017ರಲ್ಲಿ ಇಲ್ಲಿಗೆ ಬಂದ 230 ಪಿಎಸ್ (ಹಾರ್ಸ್‌ಪವರ್ ತರದ ಅಳತೆ) ಆರ್‌ಎಸ್‌ಗೆ ಇರುವುದು ಆರೇ ಗೇರು. ಏಳು ಇರುವುದು 180 ಪಿಎಸ್‌ನ ಮಾಮೂಲಿ ಪೆಟ್ರೋಲ್ ಆಕ್ಟೇವಿಯಾ 1.8 ಟಿಎಸ್‌ಐಗೆ. (2020ರಲ್ಲಿ 200 ಕಾರು ಮಾತ್ರ ಬಂದ ಆರ್‌ಎಸ್ 245ಕ್ಕೂ ಏಳೇ. ಆದರೆ ಇದು 2018ರ ಗಾಡಿ ಅಲ್ವಾ?) ವಾಪಸ್ ಬಂದು ಆರ್‌ಸಿ ಕೇಳಿದೆ. ಎಂಜಿನ್ ಸಿಸಿ 1798 ಅಂತಿತ್ತು. ಆರ್‌ಎಸ್‌ನದು 1984.

ಅವನಿಗೆ ಮುಜುಗರವೇನೂ ಆಗಲಿಲ್ಲ. ‘ರೀಮ್ಯಾಪ್ ಮಾಡಿಸಿದೀವಿ ಸರ್, ಆರ್‌ಎಸ್‌ಗಿಂತ ಜಾಸ್ತಿ ಎಳೆಯುತ್ತೆ’ ಅಂದ. ರೀಮ್ಯಾಪ್ ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು. ನನಗೆ ಇನ್ನೂ ಭಯವಾಯಿತು. 1.8ರ ಗೇರ್‌ಬಾಕ್ಸಿನದು ಡ್ರೈ ಕ್ಲಚ್, ಎಣ್ಣೆಯಿಲ್ಲದೆ ಓಡುವಂಥದ್ದು. ಅದು ತಡೆಯುವುದೇ 250 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಎಂಜಿನ್ ಕಂಪನಿಯಿಂದ ಬರುವಾಗಲೇ ಅಷ್ಟು ಕೊಡುತ್ತದೆ. ಮೇಲೆ ಹೇರಿದ್ದೆಲ್ಲ ಕ್ಲಚ್ಚಿನ ತಲೆಗೆ. ಆರ್‌ಎಸ್‌ನ ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ಚು ಎಣ್ಣೆಯಲ್ಲಿ ಓಡುತ್ತದೆ, 350 ಎನ್‌ಎಂ ಹೊರುತ್ತದೆ. ಗೇರ್‌ಬಾಕ್ಸೇ ಬೇರೆ.

1.8 ಕೆಟ್ಟ ಗಾಡಿ ಅಂತ ನಾನು ಹೇಳುತ್ತಿಲ್ಲ. ರೀಮ್ಯಾಪ್ ಮಾಡದೆ, 1.8 ಅಂತಲೇ ಹೇಳಿ, ಅದರ ಬೆಲೆಗೇ ಕೊಟ್ಟಿದ್ದರೆ ಅವತ್ತೇ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದೆನೋ ಏನೋ. ಅವನು ನಾಲ್ಕು ಲಕ್ಷ ಜಾಸ್ತಿ ಕೇಳುತ್ತಿದ್ದದ್ದು ಎರಡು ಬ್ಯಾಡ್ಜಿಗೆ.

ನನಗೆ ಗೇರ್ ಲೆಕ್ಕ ಗೊತ್ತಿತ್ತು, ಬಚಾವಾದೆ. ಎಲ್ಲರಿಗೂ ಗೊತ್ತಿರಬೇಕು ಅಂತೇನಿಲ್ಲ. ಹಾಗಾಗಿ ಒಂದು ಕೋರಿಕೆ. ಕಾರಿನ ಜಾಹೀರಾತು ತೆಗೆದುಕೊಳ್ಳುವಾಗ ಆರ್‌ಸಿಯ ಜೆರಾಕ್ಸ್ ಕೇಳಿ, ಅದರಲ್ಲಿರುವ ಸಿಸಿಯನ್ನೂ ಅಚ್ಚು ಹಾಕಿ. ಒಂದೇ ಅಂಕಿ, ಜಾಗವೂ ಹಿಡಿಯುವುದಿಲ್ಲ. ನಮ್ಮ ಅಂಗಡಿಯಲ್ಲಿ ಚೀಟಿ ಮೇಲೆ ಮಾತ್ರೆಯ ಹೆಸರಿದ್ದು, 250 ಮಿಲಿಗ್ರಾಮೋ 500ಓ ಅಂತ ಇಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡದೆ ಕೊಡುವುದಿಲ್ಲ.

ಕಳೆದ ಭಾನುವಾರ ಅದೇ ಗಾಡಿ ನಿಮ್ಮ ಪುಟದಲ್ಲಿ ಮತ್ತೆ ಬಂದಿದೆ. ಈ ಸಲ ‘ಅರ್ಜೆಂಟ್ ಸೇಲ್’ ಅಂತ ಸೇರಿಸಿದ್ದಾರೆ. ಆರ್‌ಎಸ್ ಹಾಗೇ ಇದೆ.

– ಒಬ್ಬ ಓದುಗ, ಹಾಸನ