ತಂಗಿ ಪುಟ್ಟಿ ಮದುವೆಗೆ ನಾನು ಯಾಕೆ ಬರಲಾಗುವುದಿಲ್ಲ

ನ್ಯೂಜೆರ್ಸಿ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ಪುಟ್ಟಿಯ ಲಗ್ನಪತ್ರಿಕೆಯ ಫೋಟೊ ವಾಟ್ಸಾಪಿನಲ್ಲಿ ಬಂತು. ಮಾಘದಲ್ಲಿ, ಜಯನಗರದ ಛತ್ರದಲ್ಲಿ, ಬೆಳಗ್ಗೆ ಒಂಬತ್ತೂವರೆಗೆ ಧಾರೆ. ಫೋನಿನಲ್ಲಿ ಅಮ್ಮ ಅಳಲು ಶುರು ಮಾಡಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಬರುವುದಕ್ಕಾಗುವುದಿಲ್ಲ.

ಕೆಲಸ ಹೋದ ಮೇಲೆ ಇಲ್ಲಿ ಉಳಿಯಲು ಕೊಟ್ಟ 60 ದಿನದ ಗಡುವು ಮುಗಿದು, ಎಂದಿನವರೆಗೆ ಇರಬಹುದು ಅಂತ ಬರೆದಿರುವ ಐ-94 ದಾಖಲೆಯ ತಾರೀಖೂ ದಾಟಿ ವರ್ಷದ ಮೇಲಾಯಿತು. ಹಾಗೆ 180 ದಿನಕ್ಕಿಂತ ಹೆಚ್ಚು ಉಳಿದವರು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ದಾಟಿದವರು ಬಿಟ್ಟರೆ 10 ವರ್ಷ ವಾಪಸ್ ಬಿಟ್ಟುಕೊಳ್ಳುವುದಿಲ್ಲ. ವಿನಾಯಿತಿ ಕೇಳಬಹುದು, ಸಿಕ್ಕೇ ಸಿಗುತ್ತದೆ ಅಂತಿಲ್ಲ. ಇಲ್ಲೇ ಇರುವವರೆಗೆ ಆ ನಿಷೇಧ ತಟ್ಟುವುದಿಲ್ಲ. ನಾನು ದೇವನಹಳ್ಳಿಯಲ್ಲಿ ಇಳಿದೆನೋ, ನಿಮ್ಮ ಸೊಸೆ ಇಲ್ಲಿ, ನಾನು ಅಲ್ಲಿ.

ಅಪ್ಪ, ವೀಸಾ ಮುಗಿದವನಿಗೆ ಗ್ರೀನ್ ಕಾರ್ಡ್ ಹೇಗೆ ಕೊಡುತ್ತಾರೆ, ಯಾರಾದರೂ ಏಜೆಂಟ್ ಟೋಪಿ ಹಾಕುತ್ತಿದ್ದಾನಾ ಅಂತ ಕೇಳಿದಿರಿ. ಇಲ್ಲ. ನಾನು ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ, ಸೀಲ್ ಹಾಕಿಸಿಕೊಂಡು ಬಂದವನು. ಹಾಗೆ ಬಂದವರು ಇಲ್ಲಿನ ಸಿಟಿಜನ್‌ನನ್ನು ಮದುವೆಯಾದರೆ, ಅವಧಿ ಮೀರಿದ್ದೊಂದೇ ಅರ್ಜಿಗೆ ಅಡ್ಡ ಬರುವುದಿಲ್ಲ. ನಿಮ್ಮ ಸೊಸೆ ಸಿಟಿಜನ್ ಆಗಿರದೆ ಅವಳಿಗೆ ಬರೀ ಗ್ರೀನ್ ಕಾರ್ಡ್ ಇದ್ದಿದ್ದರೆ ಈ ದಾರಿ ಇರುತ್ತಿರಲಿಲ್ಲ. ನಾನು ಅವಳ ಗಂಡ ಅಂತ ಅವಳು ಕೊಡುವ ಅರ್ಜಿ ಐ-130, ನನ್ನ ಗ್ರೀನ್ ಕಾರ್ಡ್ ಅರ್ಜಿ ಐ-485, ಎರಡನ್ನೂ ಒಟ್ಟಿಗೇ ಹಾಕಿದ್ದೇವೆ. ನನ್ನ ಖರ್ಚಿನ ಜವಾಬ್ದಾರಿ ಹೊತ್ತು ಐ-864 ಅನ್ನುವ ಪತ್ರಕ್ಕೂ ಸಹಿ ಹಾಕಿದ್ದಾಳೆ. ಅವಳ ಟೀಚರ್ ಸಂಬಳ ಅದಕ್ಕೆ ಸಾಕು, ನೀವು ಎಫ್‌ಡಿ ಮುರಿಯಬೇಡಿ. ಹೋಗಿಬರಲು ಅಡ್ವಾನ್ಸ್ ಪೆರೋಲ್ ಅಂತ ಅನುಮತಿಪತ್ರ ಕೇಳಿದ್ದೇವೆ. ಅದು ಕೈಗೆ ಬರುವ ಮೊದಲೇ ಹೊರಟರೆ ಐ-485 ನಾವೇ ಕೈಬಿಟ್ಟಂತೆ ಲೆಕ್ಕ. ಮಾಘದೊಳಗೆ ಬರುತ್ತದೆ ಅನ್ನುವ ಧೈರ್ಯ ವಕೀಲರಿಗಿಲ್ಲ.

ದೊಡ್ಡಮ್ಮ ಇದನ್ನು ಕಾಗದಕ್ಕೋಸ್ಕರ ಆದ ಮದುವೆ ಅಂದರಂತೆ. ಅಮ್ಮ, ಆ ಮಾತು ಚುಚ್ಚಿತು. ಹಾಗೆ ಮದುವೆಯಾದವರಿಗೆ ಇಲ್ಲಿ 5 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಕೆಲಸ ಹೋಗಿ, ಜ್ವರದಲ್ಲಿ ಮಲಗಿದ್ದಾಗ ನೀನು ವಿಡಿಯೊದಲ್ಲಿ ಹೇಳಿಕೊಟ್ಟ ಮೆಣಸಿನ ಸಾರು ಮಾಡಿ, ಜೀರಿಗೆ ಸೀದುಹೋಯಿತೆಂದು ಒಗ್ಗರಣೆಯನ್ನು ಚೆಲ್ಲಿ ಮತ್ತೆ ಹಾಕಿದವಳು ಅವಳೇ ಅಲ್ಲವಾ? ಆಗ ಮದುವೆಯ ಮಾತೇ ಇರಲಿಲ್ಲ. ಗ್ರೀನ್ ಕಾರ್ಡ್ ಇಂಟರ್‌ವ್ಯೂನಲ್ಲಿ ತೋರಿಸಲು ಬಾಡಿಗೆ ಕರಾರು, ಜಂಟಿ ಖಾತೆಯ ಸ್ಟೇಟ್‌ಮೆಂಟು, ಕರೆಂಟ್ ಬಿಲ್ಲು ಎಲ್ಲ ಜೋಡಿಸಿದ್ದಾಳೆ. ನೀನು ಕಳಿಸಿದ ಮೈಸೂರು ರೇಷ್ಮೆ ಉಟ್ಟ ಫೋಟೊ ಎಲ್ಲಕ್ಕಿಂತ ಮೇಲಿದೆ. ನೆರಿಗೆ ಜಾರದಿರಲಿ ಅಂತ ಸಾಲಾಗಿ ಚುಚ್ಚಿಕೊಂಡ ಪಿನ್ನುಗಳೂ ಕಾಣುತ್ತವೆ. ಮದುವೆಯಾಗಿ 2 ವರ್ಷ ತುಂಬುವ ಮೊದಲೇ ಮಂಜೂರಾದರೆ ಕಾರ್ಡು 2 ವರ್ಷಕ್ಕೆ ಮಾತ್ರ, ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಕೊಡಬೇಕು. ದೊಡ್ಡಮ್ಮನಿಗೆ ಇದನ್ನೂ ಹೇಳು.

ಅಪ್ಪ, ಈ ಅರ್ಜಿಗಾಗಿ ನಿಮ್ಮಿಂದ ಒಂದು ಕೆಲಸ ಆಗಬೇಕು. ನನ್ನ ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೆಗೆದುಕೊಂಡು ಹೋಗಿ ಪಾಲಿಕೆ ಕಚೇರಿಯಲ್ಲಿ ಹೆಸರು ಸೇರಿಸಲು ಕೇಳಿ. ಜೊತೆಗೆ, ನಾನು ಹುಟ್ಟಿದ್ದು ಕಣ್ಣಾರೆ ಬಲ್ಲ ಇಬ್ಬರ ಅಫಿಡವಿಟ್ ಇರಲಿ. ಆವತ್ತು ಆಸ್ಪತ್ರೆಯಲ್ಲಿ ಇದ್ದವರು ಮಾವ ಮತ್ತು ದೊಡ್ಡಮ್ಮ. ಅವರನ್ನೇ ಕೇಳಿ, ದೊಡ್ಡಮ್ಮ ಇಲ್ಲ ಅನ್ನುವುದಿಲ್ಲ.

ಧಾರೆಯ ಹೊತ್ತಿಗೆ ನಮಗೆ ಹಿಂದಿನ ರಾತ್ರಿ 11 ಗಂಟೆ. ಇಬ್ಬರೂ ವಿಡಿಯೊದಲ್ಲಿ ಕೊನೆಯವರೆಗೆ ಇರುತ್ತೇವೆ. ಲಾಜಾಹೋಮಕ್ಕೆ ಪುಟ್ಟಿಯ ಕೈಗೆ ಅರಳು ಹಾಕುವುದು ನನ್ನ ಪಾಲಿನದು, ಅದು ತಪ್ಪಿತಲ್ಲ ಅನ್ನುವುದೇ ದೊಡ್ಡ ಸಂಕಟ. ದೊಡ್ಡಮ್ಮನ ಮಗ ಹಾಕಲಿ, ಅವನೂ ಅವಳಿಗೆ ಅಣ್ಣನೇ. ನಾನು ಬರುತ್ತಿಲ್ಲ ಅಂತ ಪುಟ್ಟಿಗೆ ನೀವು ಹೇಳಬೇಡಿ. ಭಾನುವಾರ ಫೋನ್ ಮಾಡಿ ನಾನೇ ಹೇಳುತ್ತೇನೆ.

ಇಂತಿ ನಿಮ್ಮ ಮಗ