ಹೃದಯದ ಸ್ಕ್ಯಾನಿಗೆ ಟೆಂಡರ್ ಕರೆಯುವ ಮುನ್ನ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ನಮಸ್ಕಾರಗಳು.

ನಾನು ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿದ್ದು ನಿವೃತ್ತನಾದವನು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವಂತಾಯಿತು, ಒಳ್ಳೆಯ ಕೆಲಸ. ಆದರೆ ಮೆಟ್ಟಿಲು ಹತ್ತಿದರೆ ಮಾತ್ರ ಎದೆ ಹಿಡಿಯುತ್ತದೆ ಅನ್ನುವವರಿಗೆ ಆಂಜಿಯೋಗ್ರಾಂ ಬೇಕೇ ಬೇಡವೇ ಎಂದು ತಿಳಿಯಲು ಹಲವೊಮ್ಮೆ ನ್ಯೂಕ್ಲಿಯರ್ ಸ್ಕ್ಯಾನೇ ಬೇಕು, ಅಂದರೆ ವಿಕಿರಣ ಸೂಸುವ ಔಷಧ ಕೊಟ್ಟು ಹೃದಯದ ರಕ್ತದ ಹರಿವನ್ನು ನೋಡುವುದು. ಇದರಲ್ಲಿ ಸ್ಪೆಕ್ಟ್, ಪೆಟ್ ಎಂಬ ಎರಡು ವಿಧ. ಅದರ ಯಂತ್ರ ಕೊಳ್ಳುವಾಗ ‘ಪೆಟ್ ಹೊಸದು, ಸ್ಪೆಕ್ಟ್ ಹಳೇದು’ ಎಂಬ ಒಂದೇ ಮಾತು ನಂಬಿ ಸಹಿ ಹಾಕಬೇಡಿ.

ಸ್ಪೆಕ್ಟ್‌ನಲ್ಲಿ, ರೋಗಿ ಟ್ರೆಡ್‌ಮಿಲ್ ಮೇಲೆ ಏದುಸಿರು ಬಿಡುತ್ತಿರುವಾಗಲೇ ವಿಕಿರಣ ಸೂಸುವ ಟೆಕ್ನೀಶಿಯಂ-99ಎಂ ಸೇರಿಸಿದ ಸೆಸ್ಟಮಿಬಿ ಎಂಬ ಔಷಧವನ್ನು ಕೈಯ ನರಕ್ಕೆ ಕೊಡುತ್ತೇವೆ. ರಕ್ತ ಹರಿದ ಕಡೆ ಔಷಧ ಹೃದಯದ ಸ್ನಾಯುವಿನಲ್ಲಿ ಕೂತುಬಿಡುತ್ತದೆ. ಆಮೇಲೆ ಹಾಲು ಕುಡಿಸಿ, ಲಿವರಿನಿಂದ ಔಷಧ ಇಳಿಯಲಿ ಎಂದು ಅರ್ಧ-ಮುಕ್ಕಾಲು ಗಂಟೆ ಕೂರಿಸಿ, ವಿಕಿರಣ ಗುರುತಿಸುವ ಗಾಮಾ ಕ್ಯಾಮೆರಾ ಕೆಳಗೆ ಮಲಗಿಸುತ್ತೇವೆ. ಹಾಗಾಗಿ ರಕ್ತದ ಹರಿವಿನ ಚಿತ್ರ ಟ್ರೆಡ್‌ಮಿಲ್ ಗಳಿಗೆಯದು. ಹೃದಯ ಎಷ್ಟು ಶೇಕಡಾ ರಕ್ತ ಹೊರದೂಡುತ್ತಿದೆ ಎಂಬ ಇಎಫ್ ಲೆಕ್ಕ ಮಾತ್ರ ದಣಿವಾರಿಸಿಕೊಂಡ ಹೃದಯದ್ದು. ರಕ್ತದ ಕೊರತೆ ತೀರಾ ಹೆಚ್ಚಿದ್ದರಷ್ಟೇ ಆ ಹೊತ್ತಿಗೂ ಸುಸ್ತು ಉಳಿದಿರುತ್ತದೆ. ಎಷ್ಟೋ ರಿಪೋರ್ಟುಗಳಲ್ಲಿ ‘ಸ್ಟ್ರೆಸ್ ಇಎಫ್’ ಅಂತ ಅಂಕಿಯೊಂದನ್ನು ಹಾಕಿ ಮುಗಿಸುತ್ತಾರೆ. ಅದು ಓಡುವಾಗಿನ ಇಎಫ್ ಎಂದು ಓದಿದವರು ತಿಳಿದರೆ ಅವರನ್ನು ದೂರಿ ಫಲವಿಲ್ಲ.

ಪೆಡಲ್ ತುಳಿಯುತ್ತಿರುವಾಗಲೇ ಇಎಫ್ ಅಳೆಯುವ ಮುಗಾ ಸ್ಕ್ಯಾನ್ ಇತ್ತು. ಈಗದು ಹೆಚ್ಚಾಗಿ ಕಿಮೋಥೆರಪಿ ರೋಗಿಗಳ ಹೃದಯ ನೋಡಲು ಉಳಿದಿದೆ.

ಪೆಟ್‌ನ ಹೆಚ್ಚುಗಾರಿಕೆ ಇಲ್ಲೇ. ಅದರಲ್ಲಿ ಬಳಸುವ ರುಬಿಡಿಯಂ-82ರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕಿಳಿಯುವ ಸಮಯ, 76 ಸೆಕೆಂಡ್. ಟ್ರೆಡ್‌ಮಿಲ್ ಬದಲು ಅಡೆನೊಸಿನ್ ಎಂಬ ಔಷಧ ಕೊಟ್ಟು ನಾಳಗಳು ಹಿಗ್ಗಿರುವಾಗಲೇ ಚಿತ್ರ ತೆಗೆಯಲೇಬೇಕು, ಆದ್ದರಿಂದ ಇಎಫ್ ಕೂಡ ಆ ಗಳಿಗೆಯದೇ. (ಅಡೆನೊಸಿನ್ ಪರೀಕ್ಷೆಗೆ ಹಿಂದಿನ ದಿನದಿಂದಲೇ ಕಾಫಿ ಬಿಡಬೇಕು. “ಒಂದ್ ಬೈಟೂ ಅಷ್ಟೇ ಸಾರ್” ಎಂದವರನ್ನು ವಾಪಸ್ ಕಳಿಸಿದ್ದುಂಟು.) ಇನ್ನೂ ಮುಖ್ಯವಾದದ್ದು: ಸ್ಪೆಕ್ಟ್ ಹೃದಯದ ಒಂದು ಭಾಗವನ್ನು ಇನ್ನೊಂದಕ್ಕೆ ಹೋಲಿಸುತ್ತದೆ. ಮೂರೂ ನಾಳಗಳು ಹೆಚ್ಚುಕಮ್ಮಿ ಒಂದೇ ಸಮ ಕಟ್ಟಿದ್ದರೆ ಎಲ್ಲ ಕಡೆ ಒಂದೇ ತರಹ ಕಂಡು ‘ನಾರ್ಮಲ್’ ಎಂದುಬಿಡಬಹುದು. ಪೆಟ್ ಆದರೆ ಪ್ರತಿ ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದೇ ಅಳೆಯುತ್ತದೆ. ಹಲವು ನಾಳ ಒಟ್ಟಿಗೆ ಕಟ್ಟುವ ಸಂಭವ ಹೆಚ್ಚಿರುವ ಸಕ್ಕರೆ ಕಾಯಿಲೆಯವರು ಇಷ್ಟಿರುವ ಊರಿಗೆ ಇದು ಸಣ್ಣ ವಿಷಯವಲ್ಲ.

ಹಾಗಂತ ಎಲ್ಲೆಲ್ಲೂ ಪೆಟ್ ಹಾಕಲಾಗದು. ರುಬಿಡಿಯಂ ತಯಾರಾಗುವ ಪೆಟ್ಟಿಗೆಯನ್ನು, ಅಂದರೆ ಜನರೇಟರನ್ನು, ನಾಲ್ಕಾರು ವಾರಕ್ಕೊಮ್ಮೆ ಬದಲಿಸಬೇಕು, ರೋಗಿಗಳು ಬರಲಿ ಬಿಡಲಿ. ಇನ್ನೊಂದು ಪೆಟ್ ಔಷಧ ನೈಟ್ರೋಜನ್-13 ಅಮೋನಿಯಾದ ಅರ್ಧಾಯು 10 ನಿಮಿಷ. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಔಷಧ ಮುಗಿದಿರುತ್ತದೆ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಪಕ್ಕದಲ್ಲೇ ಇರಬೇಕು. 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಫ್ಲೂರ್‌ಪಿರಿಡಾಜ್ ಎಂಬ ಪೆಟ್ ಔಷಧದಲ್ಲಿರುವ ಫ್ಲೂರಿನ್-18ರ ಅರ್ಧಾಯು 110 ನಿಮಿಷ. ಟ್ರೆಡ್‌ಮಿಲ್ ಜೊತೆಗೂ ಆಗುತ್ತದೆ. ನಮ್ಮ ಟ್ರಾಫಿಕ್ಕಿಗೆ ಹೊಂದುವುದು ಇದೊಂದೇ.

ಹಾಗಾಗಿ ನನ್ನ ಕೋರಿಕೆ: ಮೊದಲು ಈಗಿರುವ ಗಾಮಾ ಕ್ಯಾಮೆರಾಗಳಿಗೆ ಟೆಕ್ನಾಲಜಿಸ್ಟ್‌ಗಳನ್ನೂ ತಪ್ಪದೆ ಟೆಕ್ನೀಶಿಯಂ ಜನರೇಟರನ್ನೂ ಒದಗಿಸಿ. ಆ ಜನರೇಟರ್ ಒಳಗಿದ್ದು ಟೆಕ್ನೀಶಿಯಂ ಕೊಡುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ, ಸೋಮವಾರದ ಜನರೇಟರ್ ಶುಕ್ರವಾರಕ್ಕೆ ಮೂರನೇ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಕೋಲಾರ, ಚಾಮರಾಜನಗರದಿಂದ ಬರುವವರಿಗೆ ವಾರದ ಮೊದಲ ದಿನಗಳನ್ನೇ ಕೊಡುವ ವ್ಯವಸ್ಥೆಯಾಗಲಿ. ಮೂರೂ ನಾಳಗಳ ಅನುಮಾನವಿರುವವರನ್ನು ಕಳಿಸಲು ನಗರದ ಒಂದು ಸರ್ಕಾರಿ ಸಂಸ್ಥೆಯಲ್ಲಿ ಹೃದಯದ ಪೆಟ್ ಸಾಕು. ಯಾವ ವಿಧಾನವಾದರೂ, ಇಎಫ್ ಪಕ್ಕದಲ್ಲಿ ಅದು ಸ್ಟ್ರೆಸ್ ಆದ ಎಷ್ಟು ನಿಮಿಷಕ್ಕೆ ತೆಗೆದದ್ದು ಎಂದು ಬರೆಯುವುದನ್ನು ಕಡ್ಡಾಯ ಮಾಡಿ. ಇದಕ್ಕೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಇತಿ,
ನಿವೃತ್ತ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್, ಬೆಂಗಳೂರು